ನಕ್ಷತ್ರದ ಹೊತ್ತಿಗೆ ಸುರಿದ ನೀರು

ನೆಲಮಾಳಿಗೆಯ ಕೋಣೆಯಲ್ಲಿ ಕೂದಲಿಗಿಂತ ತೆಳ್ಳಗಿನ ತಂತಿಯೊಂದು ನೇತಾಡುತ್ತಿತ್ತು. ಅದರ ತುದಿಗೆ ಅಡ್ಡಕೋಲು, ಕೋಲಿನ ಎರಡು ಕೊನೆಗೆ ಎರಡು ಸಣ್ಣ ಗುಂಡು. ಪಕ್ಕದಲ್ಲಿ ದೊಡ್ಡ ಗುಂಡುಗಳು. ದೊಡ್ಡವು ಚಿಕ್ಕವನ್ನು ಎಷ್ಟು ಸೆಳೆಯುತ್ತವೆ ಎಂದು ಬಿಡದೆ ಅಳೆಯುವುದೇ ಅಲ್ಲಿನ ಕಸುಬು. ತಂತಿ ಕಟ್ಟುವುದರಿಂದ ಹಿಡಿದು ಕಸ ಗುಡಿಸುವವರೆಗೆ ಆ ಕೋಣೆಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡವಳನ್ನು ಎಲ್ಲರೂ ತಂತಿಯಕ್ಕ ಎನ್ನುತ್ತಿದ್ದರು.

"ಆಕಾಶದಲ್ಲಿ ಯಾವ ದಿಕ್ಕೂ ಹೆಚ್ಚಲ್ಲ, ಯಾವುದೂ ಕಡಿಮೆ ಅಲ್ಲ ಅಂತ ಲೋಕವೆಲ್ಲ ನಂಬಿದೆ," ಎಂದು ಅಲ್ಲಿನ ಪ್ರಯೋಗ ನಡೆಸುವ ಮೇಷ್ಟ್ರು ಅವಳಿಗೆ ಹೇಳಿದ್ದರು. "ಭೂಮಿ ತಿರುಗಿದ ಹಾಗೆ ನಮ್ಮ ಕೋಲೂ ತಿರುಗತ್ತೆ. ಒಂದು ಕಡೆ ಮುಖ ಮಾಡಿದಾಗ ಸೆಳೆತ ಒಂದು ಎಳೆಯಷ್ಟು ಜಾಸ್ತಿಯಾದ್ರೂ ಸಾಕು, ಆ ನಂಬಿಕೆ ಬಿದ್ದುಹೋಗತ್ತೆ."

ಬಿಸಿಲು, ಬೀದಿಯ ವಾಹನ ಇವೆಲ್ಲ ಇಪ್ಪತ್ತನಾಲ್ಕು ಗಂಟೆಗೊಮ್ಮೆ ಬಂದು ಹೋಗುವಂಥವು. ನಕ್ಷತ್ರಗಳ ದಿನ ಅದಕ್ಕಿಂತ ನಾಲ್ಕು ನಿಮಿಷ ಗಿಡ್ಡ. ಗಿಡ್ಡ ದಿನದ ತಾಳಕ್ಕೆ ಸೆಳೆತ ಏರಿಳಿದರೆ ಅದು ಆಕಾಶದ್ದೇ ಎಂದು ಲೆಕ್ಕ. ಹಾಗಾಗಿ ಗೋಡೆಗೆ ನಕ್ಷತ್ರದ ಗಡಿಯಾರ ಒಂದನ್ನೇ ತೂಗುಹಾಕಿದ್ದರು. ಈ ಕೋಣೆಯ ಕೆಲಸವೆಲ್ಲ ಇದರ ಹೊತ್ತಿಗೇ ಆಗಬೇಕು ಎಂಬುದು ಮೇಷ್ಟ್ರ ಕಟ್ಟಪ್ಪಣೆ.

ತಂತಿಯಕ್ಕ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರತೊಡಗಿದಳು. ಸಂಜೆ ಐದಕ್ಕೆ ಶುರುವಾದದ್ದು ಮೂರು ತಿಂಗಳಲ್ಲಿ ಬೆಳಗಿನ ಹನ್ನೊಂದಕ್ಕೆ ಬಂದು ನಿಂತಿತು. ಅವಳ ಗಂಡ ದರ್ಜಿ, ಅಕ್ಷರ ಕಲಿತವನಲ್ಲ, ಮಾತು ಮಾತ್ರ ಕತ್ತರಿ.

"ಆ ಗಡಿಯಾರ ನಿನ್ನ ಎರಡನೇ ಗಂಡ ಕಣೇ. ನಾನು ಕರೆದ್ರೆ ತಡಿ ಅಂತೀಯ. ಅವನು ಕರೆದ್ರೆ ಚಪ್ಪಲಿ ಹುಡುಕೋಕೂ ಪುರಸೊತ್ತಿಲ್ಲ."

"ಅವನು ಅಡುಗೆಗೆ ಉಪ್ಪು ಕಡಿಮೆ ಅನ್ನಲ್ಲ."

ಮೂರನೇ ತಿಂಗಳ ಕೊನೆಗೆ, ಸೆಳೆತವನ್ನು ಗುರುತು ಹಾಕುವ ಕಾಗದದ ಮೇಲೆ ಗೆರೆ ಅಲೆಯಾಗಿ ಎದ್ದಿತು, ನಕ್ಷತ್ರದ ದಿನಕ್ಕೊಂದು ಅಲೆ, ಒಂದು ದಿನವೂ ತಪ್ಪದೆ. ದಿಕ್ಕುಗಳು ಸಮವಲ್ಲ ಎಂದು ಮೇಷ್ಟ್ರು ಆಗಲೇ ಲೇಖನ ಬರೆಯಲು ಕೂತರು.

"ಲೇಖನದಲ್ಲಿ ನಿಮ್ಮ ಹೆಸರೂ ಹಾಕ್ತೀನಿ ತಂತಿಯಕ್ಕ. ನನ್ನ ಹೆಸರಿನ ಪಕ್ಕದಲ್ಲೇ."

ಆ ಕೋಣೆಯಿಂದ ಹದಿನೇಳು ಲೇಖನ ಹೊರಗೆ ಹೋಗಿದ್ದವು. ಒಂದರಲ್ಲೂ ಅವಳ ಹೆಸರಿರಲಿಲ್ಲ. ಬೇಕು ಎಂದು ಅವಳು ಬಾಯಿ ಬಿಟ್ಟು ಕೇಳಿದವಳೂ ಅಲ್ಲ. ಆ ದಿನ ಮಾತ್ರ ದಾರಿಯುದ್ದಕ್ಕೂ ತನ್ನ ಹೆಸರನ್ನು ತಾನೇ ಒಳಗೊಳಗೆ ಹೇಳಿಕೊಳ್ಳುತ್ತ ಮನೆಗೆ ಹೋದಳು.

ಮರುವಾರ ಬಚ್ಚಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು. ದಿನಾ ಆಸ್ಪತ್ರೆಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುವಷ್ಟರಲ್ಲಿ ಆರು ಗಂಟೆ ತಡ. ಬಂದವಳು ಒಂದೇ ಕೈಯಲ್ಲಿ ಬಕೆಟ್ಟು ಹೊತ್ತು, ಗುಂಡುಗಳ ಪಕ್ಕದ ತಂಪಿನ ತೊಟ್ಟಿಗೆ ನೀರು ಸುರಿದಳು. ತೊಟ್ಟಿಯ ಕೊಳಾಯಿ ಕಟ್ಟಿಕೊಂಡು ಮೂರು ತಿಂಗಳಾಗಿತ್ತು. ಹೇಳಿದಾಗ ಮೇಷ್ಟ್ರು ಕಾಗದದಿಂದ ತಲೆ ಎತ್ತದೆ ಹೂಂ ಹೂಂ ಎಂದಿದ್ದರು. ದಿನಕ್ಕೆ ಇಪ್ಪತ್ತು ಲೀಟರ್ ಆರುತ್ತಿತ್ತು, ಇವಳು ದಿನಾ ಬಂದ ಕೂಡಲೇ ಇಪ್ಪತ್ತು ಲೀಟರ್ ತುಂಬುತ್ತಿದ್ದಳು.

ಹತ್ತು ದಿನ ಕಳೆದ ಮೇಲೆ ಕಾಗದ ನೋಡಿದಳು. ಅಲೆಯೂ ಆರು ಗಂಟೆ ಹಿಂದೆ ಬಿದ್ದಿತ್ತು.

ನಕ್ಷತ್ರಗಳಿಗೆ ತನ್ನ ಕೈ ಉಳುಕಿದ್ದು ಹೇಗೆ ಗೊತ್ತಾಯಿತು?

ಅವಳು ತೊಟ್ಟಿಯ ಕಡೆ ತಿರುಗಿ ನೋಡಿದಳು. ನೀರಿಗೂ ತೂಕವಿದೆ, ಅದೂ ಗುಂಡನ್ನು ಸೆಳೆಯುತ್ತದೆ. ಗಡಿಯಾರ ನೋಡಿ ನೋಡಿ ಸುರಿದು, ಆಕಾಶದ ತಾಳವನ್ನು ತೊಟ್ಟಿಗೆ ಕಲಿಸಿದವಳು ತಾನೇ.

ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದು ಕೊನೆಗೆ ಗಂಡನಿಗೆ ಹೇಳಿದಳು.

"ಹೇಳದೆ ಇದ್ರೆ ಯಾರಿಗೆ ಗೊತ್ತಾಗತ್ತೆ?" ಎಂದ ಅವನು.

"ನನಗೆ ಗೊತ್ತಾಗಿದೆಯಲ್ಲ."

"ಹಂಗಾದ್ರೆ ಹೇಳು. ಹಿಡಿದವಳು ನೀನು ಅಂತ ಇನ್ನೂ ದೊಡ್ಡದಾಗಿ ಬರೀತಾರೆ."

ಮರುದಿನ ಅವಳು ಹೇಳುತ್ತ ಹೋದಂತೆ ಮೇಷ್ಟ್ರ ಮುಖ ಸಣ್ಣದಾಯಿತು.

"ನೀರನ್ನೂ ಈ ಗಡಿಯಾರ ನೋಡಿ ಹಾಕಿದ್ರಾ?"

"ಎಲ್ಲ ಕೆಲಸ ಇದರ ಹೊತ್ತಿಗೇ ಅಂದಿದ್ರಿ."

"ಕೆಲಸ ಅಂದ್ರೆ ಅಳತೆಯ ಕೆಲಸ. ಅಷ್ಟೂ ಬುದ್ಧಿ ಬೇಡ್ವಾ?"

"ಬುದ್ಧಿ ಇದ್ದಿದ್ದಕ್ಕೇ ಹೇಳೋಕೆ ಬಂದೆ ಮೇಷ್ಟ್ರೇ."

ತೊಟ್ಟಿಯನ್ನು ಹೊರಗೆ ಸಾಗಿಸಿದರು. ಗೆರೆ ಮಲಗಿತು.

ಆರು ತಿಂಗಳಿಗೆ ಲೇಖನ ಬಂತು. ಎಲ್ಲ ದಿಕ್ಕೂ ಸಮ, ಇಷ್ಟು ಬಿಗಿಯಾಗಿ ಇದನ್ನು ಯಾರೂ ಪರೀಕ್ಷಿಸಿರಲಿಲ್ಲ ಎಂದು ಬರೆದಿತ್ತು. ಚಪ್ಪಾಳೆಗೇನೂ ಕೊರತೆಯಾಗಲಿಲ್ಲ. ಮೇಲ್ಗಡೆ ನಾಲ್ಕು ಹೆಸರಿದ್ದವು, ಅವಳದಿರಲಿಲ್ಲ. ಮೂರನೇ ಪುಟದಲ್ಲಿ ಒಂದು ಸಾಲು: 'ಸಹಾಯಕಿಯೊಬ್ಬರ ಅಜಾಗರೂಕತೆಯಿಂದ ನುಸುಳಿದ್ದ ದೋಷವನ್ನು ನಾವು ಪತ್ತೆಹಚ್ಚಿ ನಿವಾರಿಸಿದೆವು.'

"ಈ 'ನಾವು' ಯಾರು ಮೇಷ್ಟ್ರೇ?"

"ಅದು ಬರೆಯೋ ಕ್ರಮ ಅಕ್ಕ. ಮನಸ್ಸಿಗೆ ಹಚ್ಕೋಬೇಡಿ."

ಒಂದು ಪ್ರತಿ ಕೇಳಿ ಪಡೆದು ಮನೆಗೆ ತಂದಳು. ಗಂಡ ಹೊಲಿಗೆ ಯಂತ್ರ ನಿಲ್ಲಿಸಿದ.

"ನೀರಿನ ವಿಷಯ ಬರೆದಿದಾರಾ? ಹಿಡಿದವಳು ನೀನು ಅಂತ?"

"ಬರೆದಿದಾರೆ."

"ಎಲ್ಲಿ, ತೋರಿಸು."

ಅವಳು ಮೂರನೇ ಪುಟ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟಳು. ಅವನು ಕೆಂಪು ಪೆನ್ಸಿಲ್ಲಿನಿಂದ ಸಾಲಿನ ಸುತ್ತ ಚೌಕ ಎಳೆದು, ಪುಟವನ್ನು ನಾಜೂಕಾಗಿ ಕತ್ತರಿಸಿ, ಅಂಗಡಿಯ ಗೋಡೆಗೆ ಅಂಟಿಸಿದ. ಬಂದವರಿಗೆಲ್ಲ ತೋರಿಸುತ್ತಾನೆ, ನಮ್ಮವಳದು ಎಂದು. ಓದು ಬಲ್ಲವರು ಓದುತ್ತಾರೆ. ಓದಿ, ಅಳತೆ ಕೊಡಲು ಸುಮ್ಮನೆ ಕೈ ಎತ್ತಿ ನಿಲ್ಲುತ್ತಾರೆ.