ಕಥೆ ಗೊತ್ತಿಲ್ಲದ ನಾಟಕ

2003ರ ನವೆಂಬರ್ 12, ಬುಧವಾರ, ಬೆಳಗಿನ ಏಳು ಗಂಟೆ ಇಪ್ಪತ್ತು ನಿಮಿಷ. ಯಲ್ಲಾಪುರದ ನಾಗಪತಿ ಮಾಸ್ತರರ ಮನೆಯ ಫೋನು ಬಡಿದುಕೊಳ್ಳುತ್ತಿತ್ತು. ಮಾಸ್ತರರು ಅದರಿಂದ ಒಂದು ಮೊಳ ದೂರದಲ್ಲಿ ಕೂತಿದ್ದರೂ ಕೈ ಚಾಚಲಿಲ್ಲ. ಒಳಗೆ ದೋಸೆ ಹುಯ್ಯುತ್ತಿದ್ದ ಹೆಂಡತಿಯನ್ನು ಕೂಗಿದರು.

"ವಿನೋದಾ, ನೀನೇ ತಗ. ಅಭಿಜ್ಞಾ ಇರವು. ಪಟ್ಟಿ ಬರ್ಕಳಲೆ ನಿನ್ನ ಅಕ್ಷರವೇ ಚಂದ."

"ಮೂವತ್ತು ವರ್ಷದ ಮೇಲೆ ನನ್ನ ಅಕ್ಷರ ಚಂದ ಕಂಡತಾ?" ಎನ್ನುತ್ತ ವಿನೋದಾ ಸೆರಗಿಗೆ ಕೈ ಒರೆಸಿಕೊಂಡು ಬಂದರು.

ಅಭಿಜ್ಞಾ ವಿನೋದಾರ ತಮ್ಮನ ಮಗಳು, ಬೆಂಗಳೂರಿನಲ್ಲಿ ಓದುವವಳು. ಶುಕ್ರವಾರ ಅಲ್ಲೇ ಅವಳ ತಮ್ಮನ ಉಪನಯನ. ಅದು ಮುಗಿದ ಮೇಲೆ ಶನಿವಾರ ಸಂಜೆ ಮತ್ತು ಭಾನುವಾರ ಅತ್ತೆ ಮಾವನಿಗೆ ಬಿಡುವು. ಬೆಂಗಳೂರಿನಲ್ಲಿ ಒಂದು ನಾಟಕ ನೋಡಬೇಕು ಎಂದು ಮಾಸ್ತರರು ತಿಂಗಳ ಹಿಂದೆಯೇ ಹೇಳಿದ್ದರು. ಯಲ್ಲಾಪುರಕ್ಕೆ ಬರುವ ಹುಬ್ಬಳ್ಳಿ ಆವೃತ್ತಿಯ ಪತ್ರಿಕೆಯಲ್ಲಿ ಬೆಂಗಳೂರಿನ ನಾಟಕಗಳ ಪಟ್ಟಿ ಇರುವುದಿಲ್ಲ. ಹಾಗಾಗಿ ಅಭಿಜ್ಞಾ ಅಲ್ಲಿಂದ ಓದಿ ಹೇಳುವುದು, ಇಲ್ಲಿ ಬರೆದುಕೊಳ್ಳುವುದು ಎಂದು ಮಾತಾಗಿತ್ತು.

ಮಾಸ್ತರರು ಫೋನು ಎತ್ತದ್ದಕ್ಕೆ ಅಕ್ಷರ ಕಾರಣವಲ್ಲ. ಎರಡು ವರ್ಷಗಳಿಂದ ಅವರ ಕಿವಿ ಮಂದವಾಗುತ್ತ ಬಂದಿತ್ತು. ಫೋನಿನಲ್ಲಂತೂ ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ವಿನೋದಾ ನಾಲ್ಕು ಸಾಲು ಬರೆದುಕೊಂಡರು. ಒಂದು, ದೊಡ್ಡ ರಂಗಮಂದಿರದಲ್ಲಿ ಪೌರಾಣಿಕ, ಭಾನುವಾರ ಸಂಜೆ ಆರಕ್ಕೆ. ಎರಡು, ನಗೆ ನಾಟಕ, ಶನಿವಾರ. ಮೂರು, ಒಂದು ಹೊಸ ತಂಡದ್ದು. ನಿವೃತ್ತ ನ್ಯಾಯಾಧೀಶ ಮತ್ತು ಅವನಿಂದ ಶಿಕ್ಷೆ ಪಡೆದವನು, ಇಬ್ಬರೇ ಪಾತ್ರಧಾರಿಗಳು, ಶನಿವಾರ ಏಳಕ್ಕೆ. ನಾಲ್ಕು, ಬಸವನಗುಡಿಯ ಯಾರದೋ ಮನೆಯ ಮಾಳಿಗೆಯಲ್ಲಿ ನಲವತ್ತು ಜನರಿಗೆ ಮಾತ್ರ, ಭಾನುವಾರ ನಾಲ್ಕಕ್ಕೆ.

"ಪೌರಾಣಿಕ್ಕೇ ಹೋಪನ" ಎಂದರು ವಿನೋದಾ. "ಆಕಾಶದಿಂದ ದೇವತೆ ಸೀದಾ ಕೆಳಗೆ ಇಳಿತಡ. ಅಭಿಜ್ಞಾ ನೋಡಿದ್ದಡ."

ಮಾಸ್ತರರು ಸ್ಕೇಲು ಪೆನ್ಸಿಲು ತಂದು ಆ ನಾಲ್ಕು ಸಾಲುಗಳ ಪಕ್ಕ ಅಂಕಪಟ್ಟಿಯ ಹಾಗೆ ಚೌಕದ ಮನೆಗಳನ್ನು ಎಳೆದರು. ಕಥೆ ಗೊತ್ತೋ ಇಲ್ಲವೋ, ಹಾಡು ಎಷ್ಟು, ಮಾತು ಎಷ್ಟು, ಏಕಕಾಲಕ್ಕೆ ಎಷ್ಟು ಜನ ಮಾತಾಡುತ್ತಾರೆ. ಒಂದೊಂದು ಮನೆಗೂ ಅಂಕ ಹಾಕಿ ಕೂಡಿಸಿದರು. ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದವರಿಗೆ ಇದು ವಿಚಿತ್ರವೆನಿಸಲಿಲ್ಲ.

"ಮೂರನೇದು" ಎಂದರು.

"ಇಷ್ಟು ದೂರ ಹೋಗಿ ಇಬ್ರು ಮಾತಾಡದು ನೋಡದಾ?" ವಿನೋದಾ ದೋಸೆಯ ಕಡೆ ತಿರುಗಿದರು. "ನಿಜ ಹೇಳೂದಾದ್ರೆ ಅದೂ ಅಡ್ಡಿಲ್ಲೆ. ಈ ಮನೇಲಿ ಇಬ್ರು ಮಾತಾಡದು ನೋಡದೇ ರಾಶಿ ದಿನ ಆತು."

ಕೊನೆಯ ಮಾತು ಮಾಸ್ತರರಿಗೆ ಕೇಳಿಸಲಿಲ್ಲ.

ಅವರ ಅಂಕಗಳ ಹಿಂದೆ ಒಂದು ಲೆಕ್ಕಾಚಾರವಿತ್ತು. ಮಾಸ್ತರರು ಹೆಸರಾದ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ತಾಳಮದ್ದಲೆಯಲ್ಲಿ ಎದುರುಬದುರು ಕೂತು, ಭಾಗವತರ ಪದಕ್ಕೆ ಆಯಾ ಪಾತ್ರವಾಗಿ ಆ ಕ್ಷಣಕ್ಕೆ ಹೊಳೆದದ್ದನ್ನು ಮಾತಾಡಬೇಕು. ಎದುರಿನವನ ಮಾತಿನ ಎಳೆ ಹಿಡಿದು ಉತ್ತರ ಕೊಡುವುದೇ ಅದರ ಸೊಗಸು. ಅಕ್ಟೋಬರ್ ಮೊದಲ ವಾರ ಸಿದ್ದಾಪುರದಲ್ಲಿ ಮಾಸ್ತರರದು ರಾಜನ ಅರ್ಥ, ಹೆಗಡೆಕಟ್ಟಾದ ತ್ರಯಂಬಕ ಭಟ್ಟರದು ರಾಯಭಾರಿಯದು. ಭಟ್ಟರು ಏನೋ ಕೇಳಿದರು. ಪ್ರಸಂಗ ಕಂಠಪಾಠವಾಗಿದ್ದ ಮಾಸ್ತರರು ಇಂಥದ್ದನ್ನೇ ಕೇಳಿರಬೇಕು ಎಂದು ಊಹಿಸಿ ಹತ್ತು ನಿಮಿಷ ಭರ್ಜರಿಯಾಗಿ ಉತ್ತರಿಸಿದರು. ಸಭೆ ನಕ್ಕಿತು. ಮಾತು ತಾಗಿತು ಎಂದುಕೊಂಡರು. ಮುಗಿದ ಮೇಲೆ ಚಹಾ ಕುಡಿಯುವಾಗ ಒಬ್ಬರು ಹತ್ತಿರ ಬಂದು ಹೊಗಳಿದರು. "ಭಟ್ರು ಕೇಳಿದ್ದೇ ಒಂದು, ನೀವು ಹೇಳಿದ್ದೇ ಮತ್ತೊಂದು. ಬೇಕು ಹೇಳೇ ಪ್ರಶ್ನೆ ದಾಟ್ಸಿದ್ರಲ್ಲ ಮಾಸ್ತರ್ರೇ, ಚಲೋ ತಂತ್ರ!"

ಮಾಸ್ತರರ ಕೈಯಲ್ಲಿದ್ದ ಚಹಾ ಆರಿ ಹೋಯಿತು. ಎಷ್ಟು ದಿನದಿಂದ ತಾನು ಕೇಳದೆಯೇ ಉತ್ತರಿಸುತ್ತಿರಬಹುದು? ಇವತ್ತು ತಂತ್ರ ಅಂದರು. ನಾಳೆ ಮರುಕ ತೋರಿಸುತ್ತಾರೆ. ಅದಕ್ಕಿಂತ ಮೊದಲೇ ತಾನಾಗಿ ಎದ್ದು ಬರುವುದು ಮರ್ಯಾದೆ. ಆದರೆ ಇಪ್ಪತ್ತೈದು ವರ್ಷ ಕೂತ ಜಾಗದಿಂದ ಸುಮ್ಮನೆ ಹೆದರಿ ಏಳುವುದೂ ಅವರಿಗೆ ಒಪ್ಪಿಗೆಯಿರಲಿಲ್ಲ. ಡಾಕ್ಟರು ಪೆಟ್ಟಿಗೆಯಲ್ಲಿ ಕೂರಿಸಿ ಪೀಪಿ ಕೇಳಿಸಿದರೆ ಕಿವಿಯ ಅಳತೆ ಸಿಗುತ್ತದೆ, ಸಂಭಾಷಣೆಯ ಅಳತೆ ಸಿಗುವುದಿಲ್ಲ ಎಂಬುದು ಅವರ ವಾದ. ಊರಿನಲ್ಲಿ ಪರೀಕ್ಷೆ ಮಾಡಿಕೊಳ್ಳೋಣವೆಂದರೆ ಎಲ್ಲ ಪ್ರಸಂಗವೂ ಗೊತ್ತಿದ್ದದ್ದೇ; ಕಿವಿ ಬಿಟ್ಟದ್ದನ್ನು ನೆನಪು ತುಂಬಿಬಿಡುತ್ತದೆ. ಕಥೆ ಗೊತ್ತಿಲ್ಲದ ನಾಟಕವೊಂದನ್ನು, ಗೊತ್ತಿಲ್ಲದ ನಟರ ಬಾಯಿಂದ ಕೇಳಬೇಕು. ನೂರು ಮಾತಿನಲ್ಲಿ ಎಪ್ಪತ್ತು ಹಿಡಿದರೆ ಸರಿ. ಇಲ್ಲವಾದರೆ ನವೆಂಬರ್ 22ರ ಶಿರಸಿಯ ತಾಳಮದ್ದಲೆಗೆ, ಅಲ್ಲಿಂದ ಮುಂದೆ ಎಲ್ಲಿಯದಕ್ಕೂ, ಬರುವುದಿಲ್ಲ ಎಂದು ಹೇಳಿಬಿಡುವುದು. ಶಿರಸಿಯವರಿಗೆ ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು.

ಶನಿವಾರ ಸಂಜೆ ಆರು ಗಂಟೆಗೆ ವಿನೋದಾ ಸೀರೆ ಉಟ್ಟು ತಯಾರಾಗಿ ಕೂತರು. ಮಾಸ್ತರರು ಇನ್ನೂ ಪಂಚೆಯಲ್ಲಿದ್ದರು.

"ಹೊರಡದಿಲ್ಯಾ?"

"ಗಡಿಬಿಡಿ ಎಂತಕ್ಕೆ? ಏಳು ಅಂದ್ರೆ ಏಳಕ್ಕೆ ಶುರು ಆಗ್ತಾ?"

ಇದೂ ಬಾಯಿಮಾತಲ್ಲ. ಊರಿನಲ್ಲಿ ಒಂಬತ್ತೂವರೆ ಎಂದು ಕರಪತ್ರದಲ್ಲಿ ಅಚ್ಚಾದ ಯಕ್ಷಗಾನದ ಆಟಕ್ಕೆ ಯಾವ ಮನುಷ್ಯನೂ ಒಂಬತ್ತೂವರೆಗೆ ಹೋಗುವುದಿಲ್ಲ. ಹೋದರೆ ಚೆಂಡೆ ಹೊತ್ತು ತಂದವರ ಜೊತೆ ಕೂರಬೇಕು. ಮಾಸ್ತರರು ತಮ್ಮ ಡೈರಿಯಲ್ಲಿ ಪ್ರತಿ ಆಟ, ತಾಳಮದ್ದಲೆ, ನಾಟಕಕ್ಕೂ ಅಚ್ಚಾದ ಹೊತ್ತು ಮತ್ತು ನಿಜವಾಗಿ ಶುರುವಾದ ಹೊತ್ತು ಎರಡನ್ನೂ ಬರೆದಿಡುತ್ತಿದ್ದರು. ಮೂವತ್ತೊಂದು ದಾಖಲೆಗಳಿದ್ದವು. ಸರಾಸರಿ ವಿಳಂಬ ಐವತ್ತನಾಲ್ಕು ನಿಮಿಷ. ಅತಿ ಕಡಿಮೆಯೆಂದರೆ ಮೂವತ್ತೈದು. ಆದ್ದರಿಂದ ಏಳೂವರೆಗೆ ತಲುಪಿದರೆ ಕೆಟ್ಟ ಪಕ್ಷದಲ್ಲೂ ಐದು ನಿಮಿಷ ಕೈಯಲ್ಲಿರುತ್ತದೆ.

ಆಟೋ ರಂಗಮಂದಿರದ ಎದುರು ನಿಂತಾಗ ಏಳು ಇಪ್ಪತ್ತೆಂಟು. ಮಾಸ್ತರರು ಗಡಿಯಾರ ನೋಡಿ ಸಮಾಧಾನದಿಂದ ತಲೆಯಾಡಿಸಿದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಬಾಗಿಲ ಮುಂದೆ ಒಬ್ಬ ಯುವಕ ಕೈಕಟ್ಟಿ ನಿಂತಿದ್ದ.

"ಇನ್ನೂ ಜನ ಬೈಂದ್ವಿಲ್ಲೆ, ನೋಡು" ಎಂದರು ಮಾಸ್ತರರು ಹೆಂಡತಿಗೆ.

ಯುವಕ ಮೆಲ್ಲಗೆ ಹೇಳಿದ, "ಸಾರ್, ಶೋ ಶುರುವಾಗಿ ಅರ್ಧ ಗಂಟೆ ಆಯ್ತು. ಮೂರನೇ ಬೆಲ್ ಆದ್ಮೇಲೆ ಯಾರನ್ನೂ ಬಿಡಲ್ಲ."

ಮಾಸ್ತರರು ನಗುಮುಖದಲ್ಲಿ "ಹೌದು ಹೌದು, ನಾವು ಕಾಯ್ತೇವೆ" ಎಂದರು.

ಯುವಕ ವಿನೋದಾರನ್ನು ನೋಡಿದ. ವಿನೋದಾ ಗಂಡನನ್ನು ನೋಡಿದರು. ಯುವಕ ಇನ್ನೊಮ್ಮೆ, ಮಾಸ್ತರರ ಬಲಗಿವಿಯ ಹತ್ತಿರ ಬಂದು ಜೋರಾಗಿ ಹೇಳಿದ. ಮಾಸ್ತರರ ನಗು ನಿಧಾನವಾಗಿ ಇಳಿಯಿತು. "ಸರಿಯಾಗಿ ಏಳಕ್ಕೇ ಶುರುವಾಯ್ತಾ?" ಎಂದು ಕೇಳಿದರು, ಪ್ರಯೋಗಾಲಯದಲ್ಲಿ ತಪ್ಪು ಫಲಿತಾಂಶ ಬಂದಾಗ ಕೇಳುವ ಹಾಗೆ.

"ಏಳಕ್ಕೇ ಸಾರ್."

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಒಮ್ಮೆ ಚಪ್ಪಾಳೆ ಕೇಳಿಸಿತು, ವಿನೋದಾರಿಗೆ.

"ಮೂವತ್ತೊಂದೂ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ್ದೇ ಆಗಿತ್ತು" ಎಂದರು ಮಾಸ್ತರರು. "ಆ ಲೆಕ್ಕ ಇಲ್ಲಿಗೆ ಹಚ್ಚಲಾಗ್ತಿತ್ತಿಲ್ಲೆ. ತಪ್ಪು ನಂದೇ."

ವಿನೋದಾ ಲೆಕ್ಕದ ಮಾತನ್ನು ಬದಿಗಿಟ್ಟರು. ಎದ್ದು ಬಂದು ಗಂಡನ ಬಲಬದಿಗೆ ಕೂತು ನೇರವಾಗಿ ಕೇಳಿದರು. "ಆ ಮಾಣಿ ಮೊದಲ ಸಲ ಹೇಳಿದ್ದು ನಿಮ್ಗೆ ಕೇಳಿದ್ದೇ ಇಲ್ಲೆ. ಹದಾ?"

ಮಾಸ್ತರರು ಮೆಟ್ಟಿಲ ಅಂಚನ್ನು ಬೆರಳಿನಿಂದ ಒರೆಸಿದರು. ಆಮೇಲೆ ಎಲ್ಲವನ್ನೂ ಹೇಳಿದರು: ಫೋನು, ಸಿದ್ದಾಪುರ, ಆರಿದ ಚಹಾ, ನೂರರಲ್ಲಿ ಎಪ್ಪತ್ತು, ಸೋಮವಾರ. ಹೇಳುವಾಗ ಪಾಠ ಮಾಡುವ ದನಿಯೇ ಇತ್ತು.

ವಿನೋದಾ ಗಂಡನ ಕಡೆ ಪೂರ್ತಿ ತಿರುಗಿದರು. ಆಮೇಲೆ, "ಹಂಗಾರೆ ಎರಡು ವರ್ಷ ಆನು ಸುಮ್ಮಂಗೆ ಸಿಟ್ಟು ಮಾಡ್ಕಂಡಿದ್ದಾ?" ಎಂದರು. "ಕರೆದ್ರೆ ಓ ಅಂಬಲಿಲ್ಲೆ. ಅಡಿಗೆ ಹ್ಯಾಂಗಾಜು ಕೇಳಿದ್ರೆ ಪೇಪರು ಓದ್ತ್ರಿ. ಈ ಮನುಷ್ಯಂಗೆ ನನ್ನ ಮಾತು ಬ್ಯಾಸರ ಬಂಜು ಹೇಳಿ ತಿಳ್ಕಂಡು, ಆನೂ ಮಾತು ಕಮ್ಮಿ ಮಾಡಿದೆ. ಎಂಥಾ ಮಳ್ಳು ನಾನು! ಕೆಮಿ ಕೇಳ್ತಿಲ್ಲೆ ಹೇಳಿ ಒಂದು ಮಾತು ಹೇಳಿದ್ರೆ ಗಂಟು ಹೋಗ್ತಿತ್ತಾ?"

"ಹೇಳಿದ್ರೆ ನಿಜ ಆಗ್ತು ಅನಿಸ್ತಿತ್ತು."

"ವಿಜ್ಞಾನ ಓದಿದವ್ರು!" ವಿನೋದಾ ಮೂಗೆಳೆದುಕೊಂಡರು. ಅಳುವೋ ನಗುವೋ ಅವರಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಪಟ್ಟಿ ತೆಗೆದರು. ಭಾನುವಾರದ ಎರಡು ನಾಟಕ ಉಳಿದಿದ್ದವು. ರಾತ್ರಿ ಒಂಬತ್ತಕ್ಕೆ ಯಲ್ಲಾಪುರದ ಬಸ್ಸು. ಒಂದನ್ನೇ ನೋಡಬಹುದಿತ್ತು. ತಪ್ಪು ಮಾಡಿದವರ ಔದಾರ್ಯದಿಂದ ಮಾಸ್ತರರು, "ಪೌರಾಣಿಕ್ಕೇ ಹೋಪನ. ನಿಂಗೆ ದೇವತೆ ಇಳಿಯದು ನೋಡವು" ಎಂದರು. ಪರೀಕ್ಷೆಯನ್ನು ಅವರು ಮನಸ್ಸಿನಲ್ಲೇ ಕೈಬಿಟ್ಟಿದ್ದರು. ಬರುವುದಿಲ್ಲವೆಂದು ಶಿರಸಿಗೆ ಬರೆಯಬೇಕಾದ ಕಾಗದದ ಮೊದಲ ಸಾಲೂ ಮೂಡಿತ್ತು.

"ಬ್ಯಾಡ. ಆ ಕಥೆ ನಿಮ್ಗೆ ಬಾಯಿಪಾಠ. ಕೇಳ್ದವ್ರ ಹಾಂಗೆ ತಲೆ ಹಂದಾಡ್ಸ್ತಾ ಕೂತ್ಗತ್ರಿ. ಎರಡು ವರ್ಷ ನನ್ನೆದುರಿಗೂ ಹಾಂಗೇ ಕೂತಿದ್ರಿ." ವಿನೋದಾ ಪಟ್ಟಿಯ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. "ಇದಕ್ಕೆ ಹೋಪನ. ನಂಗೂ ಗೊತ್ತಿಲ್ಲೆ, ನಿಮ್ಗೂ ಗೊತ್ತಿಲ್ಲೆ."

"ಅದಕ್ಕೆ ಆನು ಬರೀ ಎರಡು ಅಂಕ ಕೊಟ್ಟಿದ್ದೆ. ಕೋಣೆ ಸಣ್ಣದು, ದನಿ ಗೋಡೆಗೆ ಬಡಿದು—"

"ನಿಮ್ಮ ಅಂಕ ನಿನ್ನೆ ನೋಡಿದ್ದಾತು."

ನಾಲ್ಕರ ನಾಟಕಕ್ಕೆ ಮೂರು ಹತ್ತಕ್ಕೇ ಹೋಗಿ ಮಾಳಿಗೆಯ ಬಾಗಿಲು ತಟ್ಟಿದರು. ಬಣ್ಣ ಹಚ್ಚಿಕೊಳ್ಳುತ್ತಿದ್ದ ಹುಡುಗಿಯೇ ಬಂದು ತೆರೆದಳು. ರಂಗವೇ ಇರಲಿಲ್ಲ. ನೆಲಕ್ಕೆ ಚಾಪೆ, ಅದರಾಚೆ ಒಂದು ಹೊಲಿಗೆ ಯಂತ್ರ, ಒಂದು ಬೀರು, ಹಿಂದೆ ಕಿಟಕಿ. ವಿನೋದಾ ಗಂಡನನ್ನು ಮೊದಲ ಚಾಪೆಯ ನಡುವೆ ಕೂರಿಸಿ, ತಾವು ಬಲಕ್ಕೆ ಕೂತರು.

ಸರಿಯಾಗಿ ನಾಲ್ಕಕ್ಕೆ ಶುರುವಾಯಿತು. ತಾಯಿಯ ಹೊಲಿಗೆ ಯಂತ್ರವನ್ನು ಮಾರುವುದೋ ಬೇಡವೋ ಎಂದು ಇಬ್ಬರು ಅಕ್ಕತಂಗಿಯರ ಜಗಳ. ಕೊಳ್ಳಲು ಬಂದವನು ಕಿಟಕಿಯ ಹತ್ತಿರ ನಿಂತಿದ್ದ. ಮಾಸ್ತರರು ಟಿಕೀಟಿನ ಹಿಂದೆ ಪೆನ್ಸಿಲಿನಿಂದ ಗೀಟು ಎಳೆಯತೊಡಗಿದರು. ಹಿಡಿದ ಮಾತಿಗೆ ನೆಟ್ಟಗೆ, ತಪ್ಪಿದ್ದಕ್ಕೆ ಅಡ್ಡ. ಕಿಟಕಿಯವನ ಮಾತೆಲ್ಲ ಅಡ್ಡಗೀಟು. ಯಂತ್ರದ ಮುಂದೆ ಕೂತ ಅಕ್ಕನದು ಸಾಲಾಗಿ ನೆಟ್ಟಗೆ. ಆಮೇಲೆ ಕೊಳ್ಳುವವನು ಯಂತ್ರದ ಬಳಿ ಬಂದು ಚಕ್ರ ತಿರುಗಿಸಿ, "ಇದರಲ್ಲಿ ಕೊನೆಗೆ ಹೊಲಿದದ್ದು ಏನು?" ಎಂದು ಪಿಸುಮಾತಿನಲ್ಲಿ ಕೇಳಿದ. ಕೇಳಿಸಿತು. ತಂಗಿ ಉತ್ತರ ಹೇಳುವಷ್ಟರಲ್ಲಿ ಮಾಸ್ತರರು ಗೀಟು ಎಳೆಯುವುದನ್ನು ಮರೆತಿದ್ದರು. ಆಕೆ ತಾಯಿಯ ಅರೆಬರೆ ರವಿಕೆಯನ್ನು ಎತ್ತಿ ಹಿಡಿದಾಗ ಅವರ ಕಣ್ಣು ಮಂಜಾಯಿತು. ಪಕ್ಕದಲ್ಲಿ ವಿನೋದಾ ಮೂಗು ಒರೆಸಿಕೊಳ್ಳುವುದೂ ಕೇಳಿಸಿತು.

ಜನ ಚದುರಿದ ಮೇಲೆ ಮಾಸ್ತರರು ಟಿಕೀಟು ನೋಡಿದರು. ಅರ್ಧದಿಂದಾಚೆ ಖಾಲಿ. ಶೇಕಡಾ ಲೆಕ್ಕ ಹಾಕುವ ಹಾಗಿರಲಿಲ್ಲ.

"ಪರೀಕ್ಷೆ ಫೇಲಾ?" ಎಂದರು ವಿನೋದಾ.

"ಪ್ರಶ್ನೆಯೇ ತಪ್ಪಿತ್ತು. ಎಷ್ಟು ಕೇಳ್ತು ಹೇಳದಲ್ಲ, ಎಷ್ಟು ದೂರದಿಂದ ಕೇಳ್ತು ಹೇಳಿ ನೋಡವಾಗಿತ್ತು. ಸಿದ್ದಾಪುರದಲ್ಲಿ ಭಟ್ರು ಹದಿನೈದು ಅಡಿ ಆಚೆ ಕೂತಿದ್ರು. ಮೈಕಿನ ಬಾಯೆಲ್ಲ ಸಭೆ ಬದಿಗೆ."

"ಹಂಗಾರೆ ಶಿರಸಿಯವ್ರಿಗೆ ಎಂತ ಹೇಳ್ತ್ರಿ?"

"ಬತ್ತೆ ಹೇಳ್ತೆ. ಭಟ್ರ ಜಮಖಾನ ನನ್ನ ಎದುರಿಗೇ, ಹತ್ರ ಹಾಕಿ ಹೇಳ್ತೆ." ಟಿಕೀಟು ಮಡಿಚಿ ಕಿಸೆಗಿಟ್ಟು, "ಎಂತಕ್ಕೆ ಹೇಳದೂ ಹೇಳ್ತೆ" ಎಂದರು.

"ಹುಬ್ಬಳ್ಳಿ ಡಾಕ್ಟರ ಹತ್ರನೂ ಹೋಪದು."

"ಹೋಪನ."

ಮಾಸ್ತರರು ಪಂಚೆ ಎತ್ತಿಕಟ್ಟಿ, ತಾವು ಕೂತಿದ್ದ ಜಾಗದಿಂದ ಹೊಲಿಗೆ ಯಂತ್ರದವರೆಗೆ ನೆಲದ ಮೇಲೆ ಗೇಣು ಹಾಕುತ್ತ ಹೋದರು. ಅವರ ಗೇಣು ಎಂಟೂವರೆ ಅಂಗುಲ. ಬಣ್ಣ ಒರೆಸಿಕೊಳ್ಳುತ್ತಿದ್ದ ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು. ವಿನೋದಾ ಅವಳಿಗೆ, "ಸುಮ್ನಿರು ತಂಗಿ, ಲೆಕ್ಕ ತಪ್ಪೋಗ್ತು" ಎಂದರು. ಮಾಸ್ತರರು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದರು. ಎರಡು ಸಲವೂ ಹತ್ತು ಗೇಣು ಬಂತು. ಏಳು ಅಡಿ ಒಂದು ಅಂಗುಲ.