ಅರ್ಧಕ್ಕೆ ನಿಂತ ಜಪಸರ

ಕದದ ಸಂದಿಯಲ್ಲಿ ಏನೋ ಅಲುಗಿತು, ಬೊಗಸೆ, ಹೌದು, ಬೊಗಸೆಯೇ, ಧೂಳು ಮೆತ್ತಿದ ಎರಡು ಕೈ ಸೇರಿಸಿ ಒಡ್ಡಿದ್ದು — ನೋಡಬಾರದು, ಆರೋಗ್ಯಮ್ಮ ಕಣ್ಣು ಮುಚ್ಚಿಕೊಂಡಳು, ನಮೋ ಮರಿಯಾ, ಬೆರಳು ಜಪಸರದ ಮುಂದಿನ ಮಣಿಗೆ ಸರಿಯಿತು. ಅಮ್ಮಾ, ಕೊಂಜಂ ತಣ್ಣಿ. ಹೆಂಗಸಿನ ದನಿ, ತಣ್ಣಿಯಂತೆ, ನೀರು ಬೇಕಂತೆ, ಹೊಸಕೋಟೆಯ ಈ ಮದರಾಸು ರಸ್ತೆಯ ಮೇಲೆ ಮನೆ ಕಟ್ಟಿದ್ದೇ ತಪ್ಪು, ಜಪಾನಿನವರು ಬಾಂಬು ಹಾಕುತ್ತಾರಂತೆ ಅಂತ ಮದರಾಸಿಗೆ ಮದರಾಸೇ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಡೆಗೆ ಹೊರಟಿದೆ, ಇದ್ದಿಲಿನ ಬಸ್ಸಿನಲ್ಲಿ ಜಾಗ ಸಿಗದವರೆಲ್ಲ ನಡೆದುಕೊಂಡು, ಮೊದಮೊದಲು ಕೊಡವನ್ನು ಹೊರಗೇ ಇಟ್ಟಿರುತ್ತಿದ್ದಳು, ಆಮೇಲೆ ಬಾವಿ ತಳ ಕಂಡಿತು, ಅಯ್ಯೋ ಪಾಪ ಅನ್ನುವುದೂ ತಳ ಕಂಡಿತು, ಈಗ ಗಾಡಿಯ ಧೂಳು ಹೇಗೋ ಇವರೂ ಹಾಗೆ, ಯಾರೋ, ಯಾವೂರವರೋ, ನಮಗೇನು. ಹಾಗಂತ ಇಲ್ಲ ಹೋಗು ಅನ್ನಲು ನಾಲಿಗೆ ಏಳಲಿಲ್ಲ, ಪ್ರಾರ್ಥನೆ ನಡೀತಾ ಐತೆ ಕಣಮ್ಮ, ಅರ್ಧಕ್ಕೆ ಏಳಂಗಿಲ್ಲ, ಅಂದಳು ಒಳಗಿನಿಂದಲೇ — ಸುಳ್ಳೇನಲ್ಲ, ತೀರಿಹೋದ ಅತ್ತೆ ಹಾಕಿಕೊಟ್ಟ ನೇಮ, ಜಪಸರ ಹಿಡಿದ ಮೇಲೆ ಮನೆಗೆ ಬೆಂಕಿ ಬಿದ್ದರೂ ಸುತ್ತು ಮುಗಿಯದೆ ಏಳಬಾರದು. ಬೈದುಕೊಂಡು ಹೋಗುತ್ತಾಳೆ ಅಂದುಕೊಂಡರೆ, ಪೂಜೆ ಮುಡಿಯಟ್ಟುಂ ಅಮ್ಮಾ, ಮುಗಿಯಲಂತೆ, ಕಾಯುತ್ತಾಳಂತೆ, ಜಗಲಿಯ ಮೇಲೆ ಕೂತೇಬಿಟ್ಟಳು ಮಹಾತಾಯಿ.

ಕೂರಲಿ, ಎಷ್ಟು ಹೊತ್ತು ಕೂರುತ್ತಾಳೆ, ಸುತ್ತು ಮುಗಿಯಿತು, ಆರೋಗ್ಯಮ್ಮ ಶಿಲುಬೆಗೆ ಮುತ್ತಿಟ್ಟು ಮತ್ತೆ ಮೊದಲಿನಿಂದ ಹಿಡಿದಳು, ಮಾತೆ ಮರಿಯಮ್ಮನಿಗೆ ಈ ಮನೆಯಿಂದ ಇಷ್ಟು ಜಪ ಎಂದೂ ಸಂದಿರಲಿಲ್ಲ, ನಾಚಿಕೆಯಾಯಿತು, ಆದರೂ ಬೆರಳು ನಿಲ್ಲದು, ಮತ್ತೆ ಕೊನೆಯ ಹತ್ತು ಮಣಿ ಬಂತು, ಅದು ಯಾವಾಗಲೂ ಇನ್ನೊಬ್ಬ ಹೆಂಗಸಿಗಾಗಿ, ಹೆಸರೂ ಗೊತ್ತಿಲ್ಲದವಳು, ನಲ್ಲೂರಿನ ಹುಣಸೆತೋಪಿನ ಹತ್ತಿರ ಎಲ್ಲೋ ಅವಳ ಮನೆ — ಪ್ಲೇಗಿನ ವರ್ಷ, ಸಂತೆಯಿಂದ ಬರುತ್ತಿದ್ದ ಗಂಡ ಚೌರಪ್ಪ ಜ್ವರ ಏರಿ ದಾರಿಯಲ್ಲಿ ಬಿದ್ದಾಗ ಊರೆಲ್ಲ ಕದ ಹಾಕಿಕೊಂಡಿತಂತೆ, ಯಾರೋ ಒಬ್ಬಳು ಮಾತ್ರ ಹೊರಗೆ ಬಂದು ಬೊಗಸೆಗೆ ನೀರು ಬಿಟ್ಟಳಂತೆ, ಕುಡಿದು ಕಣ್ಣು ಮುಚ್ಚಿದರು ಕಣಕ್ಕ, ಗಾಡಿಯವನು ಬಂದು ಹೇಳಿದ್ದು. ಅವತ್ತಿನಿಂದ ಒಂದು ದಿನ ತಪ್ಪಿಲ್ಲ, ಯೇಸುಸ್ವಾಮೀ, ಆ ತಾಯಿ ಎಲ್ಲಿದ್ದರೂ ಅವಳ ಕೈ ತಂಪಾಗಿರಲಿ — ಕೈ, ನಮ್ಮನೆಯವರ ಕೈ, ನೇಗಿಲು ಹಿಡಿದು ಒಡೆದ ಕೈ, ಎಷ್ಟು ಕದಗಳ ಮುಂದೆ ಬೊಗಸೆ ಒಡ್ಡಿದ್ದರೋ, ಒಳಗೆ ಯಾರು ಹೀಗೇ ಕಣ್ಣು ಮುಚ್ಚಿ ಕೂತಿದ್ದರೋ, ಸ್ವಾಮೀ, ನಾನು ಯಾವ ಕದದ ಹಿಂದೆ ಕೂತಿದ್ದೀನಿ, ಯಾರಿಗಾಗಿ ಬೇಡುತ್ತಿದ್ದೀನಿ, ಯಾರನ್ನು ಹೊರಗೆ ಕೂರಿಸಿದ್ದೀನಿ, ಎಬ್ಬಿಸು ನನ್ನ, ಎಬ್ಬಿಸು — ಮಣಿ ಮುಂದಕ್ಕೆ ಹೋಗಲಿಲ್ಲ. ಅತ್ತೆ ಬೈದುಕೊಳ್ಳಲಿ, ಜಪಸರ ಚಾಪೆಯ ಮೇಲೆ, ಬೆಳಗಿಗೆಂದು ಎತ್ತಿಟ್ಟ ನೀರು, ಚೆಂಬು, ಅಗುಳಿ, ಹೊರಗೆ ಇನ್ನೂ ಸ್ವಲ್ಪ ಬೆಳಕಿದೆ. ಪೂಜೆ ಮುಡಿಂಜದಾ ಅಮ್ಮಾ, ಮುಗಿಯಿತೇ ಅಂತ ಕೇಳುತ್ತಾಳೆ, ಕೋಪವಿಲ್ಲ, ಏನಿಲ್ಲ. ಇಲ್ಲ ಕಣವ್ವ, ಇನ್ನೂ ಐತೆ, ನೀನು ಕುಡಿ. ನೀರು ಬಿಟ್ಟಳು, ಬೆರಳ ಸಂದಿಯಿಂದ ಸೋರಿ ಮೊಣಕೈಗೆ ಇಳಿಯಿತು, ನಿನ್ನ ಹೆಸರೇನವ್ವ, ಕೇಳಿಯೇಬಿಟ್ಟಳು, ಬಾಯಿ ತುಂಬ ನೀರು, ಅವಳು ಹೇಗೆ ಹೇಳುತ್ತಾಳೆ, ಬೊಗಸೆಯನ್ನು ಇನ್ನೊಮ್ಮೆ ಒಡ್ಡಿದಳು, ಒಡೆದ ಕೈ, ಬೊಗಸೆ, ಅವರದೇ ಬೊಗಸೆ —