ಸೂಗಪ್ಪನ ಸೀಟು

ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಸೂಗಪ್ಪನ ವ್ಯಾನು ಚಿತ್ತಾಪುರದ ಶೋರೂಮಿನ ಸರ್ವೀಸ್ ಗೇಟಿನೊಳಗೆ ಬಂತು. ಸೂಗಪ್ಪ ಸತ್ತು ಎಂಟು ತಿಂಗಳಾಗಿತ್ತು.

ಗಾಡಿಗಳ ದೂರು ಬರೆದುಕೊಳ್ಳುವ ಮಹೇಶಕುಮಾರ ನಂಬರ್ ಓದುವ ಮೊದಲೇ ಗುರುತು ಹಿಡಿದ. ಹಿಂದಿನ ಬಾಗಿಲ ಮೇಲೆ ನೀರಿನ ಕ್ಯಾನಿನ ಚಿತ್ರ. ಎಡಗಡೆಯ ಹೆಡ್‌ಲೈಟ್ ಮಾತ್ರ ಹೊಸದು. ಓಡಿಸಿಕೊಂಡು ಬಂದಿದ್ದ ಬಸವಲಿಂಗ ಸೀಟಿನ ತುದಿಗೆ ಜಾರಿ ಕುಳಿತು, ಕಾಲ್ಬೆರಳಿನಿಂದ ಬ್ರೇಕ್ ಒತ್ತಿ ನಿಲ್ಲಿಸಿದ.

"ಸೀಟ್ ಮುಂದ ಸರಿಸ್ಕೋಬಾರ್ದೇನ್ರಿ?"

"ನಮ್ಮಕ್ಕ ಬಿಡಂಗಿಲ್ರಿ. ಮಾಮಾ ಇಟ್ಟಂಗೇ ಇರಬೇಕಂತ." ಸೂಗಪ್ಪ ಆರಡಿ ಎತ್ತರದವನಾಗಿದ್ದ.

ಪಕ್ಕದ ಸೀಟಿನಿಂದ ಸೂಗಪ್ಪನ ಹೆಂಡತಿ ಭಾಗಮ್ಮ ಇಳಿದಳು. "ಇಷ್ಟ್ ದಿನ ಪೊಲೀಸ್ ಸ್ಟೇಷನ್ ಅಂಗಳದಾಗೇ ನಿಂತಿತ್ರಿ ಸರ್. ಹೋದ ವಾರ ಬಿಟ್ರು. ನಾಳಿಂದ ನಮ್ಮ ತಮ್ಮ ನೀರ್ ಹಾಕ್ತಾನ. ಛಂದಂಗಿ ನೋಡ್ರಿ. ಬ್ರೇಕ್ ತುಳದ್ರ ಎಡಕ್ಕ ಎಳೀಲಿಕತ್ತದ."

ಮಹೇಶಕುಮಾರನ ಪೆನ್ನು ನಿಂತಿತು. ಇದೇ ಜಾಗದಲ್ಲಿ ನಿಂತು ಸೂಗಪ್ಪ ಇದೇ ದೂರು ಹೇಳಿದ್ದ.

ಆ ದಿನ ಮಹೇಶಕುಮಾರನೇ ಬರೆದಿದ್ದ ಜಾಬ್ ಕಾರ್ಡು ಕಂಪ್ಯೂಟರಿನಲ್ಲಿತ್ತು. ಒಳಗೆ ಬಂದಾಗ 61,418 ಕಿ.ಮೀ. ಬ್ರೇಕ್ ತುಳಿದರೆ ಎಡಕ್ಕೆ ಎಳೆತ. ನಾಲ್ಕು ಕಿ.ಮೀ. ರೋಡ್ ಟೆಸ್ಟ್ ಮಾಡಲಾಗಿದೆ, ದೋಷ ಕಂಡುಬಂದಿಲ್ಲ. ಹೊರಗೆ ಹೋಗುವಾಗ 61,418. ಅದು ತಿಂಗಳ ಕೊನೆಯ ಶನಿವಾರ, ಇಪ್ಪತ್ತಮೂರು ಗಾಡಿಗಳಿದ್ದವು. ಅಂಥ ದಿನ ಕುರ್ಚಿಯಲ್ಲೇ ಕೂತು ಟೆಸ್ಟ್ ಬರೆಯುವುದು ಅಲ್ಲಿ ಎಲ್ಲರ ರೂಢಿ. ನಾಲ್ಕನೆಯ ದಿನ ಬೆಳಗ್ಗೆ ದಂಡೋತಿ ಸೇತುವೆಯ ಹತ್ತಿರ ವ್ಯಾನು ಎಡಗಡೆಯ ಕಟ್ಟೆಗೆ ಬಡಿಯಿತು. ಪೊಲೀಸರು ಕಾರ್ಡಿನ ನಕಲು ಕೇಳಿದರು, ಮಹೇಶಕುಮಾರ ಕೊಟ್ಟ. ಎರಡು ಅಂಕಿ ಒಂದೇ ಇರುವುದನ್ನು ಯಾರೂ ನೋಡಲಿಲ್ಲ. ಚಾಲಕನ ಅಜಾಗರೂಕತೆ ಎಂದಾಯಿತು. ಅಂದಿನಿಂದ ಯಾವ ಕಾರ್ಡಿನಲ್ಲಿ 'ದೋಷವಿಲ್ಲ' ಎಂದು ಬರೆದರೂ, ಕೌಂಟರಿನಾಚೆ ಯಾರೋ ಎತ್ತರದವರು ನಿಂತಂತಾಗಿ ಅವನು ತಲೆಯೆತ್ತಿ ನೋಡುತ್ತಿದ್ದ.

"ಮಂದಿ ನಿದ್ದಿ ಹತ್ತಿತ್ತು ಅಂತಾರ್ರಿ," ಭಾಗಮ್ಮ ಹೇಳುತ್ತಿದ್ದಳು. "ಮುಂಜಾನಿ ಒಂಬತ್ತಕ್ಕ ಯಾರಿಗ್ರಿ ನಿದ್ದಿ? ನಮ್ಮತ್ತಿನೂ ಅದೇ ಹಾಡತಾಳ. ರಾತ್ರಿ ನೀ ಜಗಳ ತಗದಿ, ನನ್ನ ಮಗಗ ಮಲಗಗೊಡಲಿಲ್ಲ, ನೀನೇ ತಿಂದಿ ಅಂತ."

ಮಹೇಶಕುಮಾರ ಕೀಲಿ ತೆಗೆದುಕೊಂಡ. "ಬರ್ರಿ, ಟೆಸ್ಟಿಗಿ ಹೋಗಮು."

ಮೇಲೆತ್ತಿ ನಿಲ್ಲಿಸಿದ್ದ ಗಾಡಿಯ ಕೆಳಗಿನಿಂದ ಮೆಕ್ಯಾನಿಕ್ ಅತೀಕ ಕೂಗಿದ. "ಅರೇ, ಮಹೇಶ್ ಸಾಬ್ ಖುದ್ದ ಹೊಂಟಾರ! ಇವತ್ತ ಮಳಿ ಗ್ಯಾರಂಟಿ!" ಉಳಿದವರು ನಕ್ಕರು.

ಮಹೇಶಕುಮಾರನ ಕಾಲೂ ಬ್ರೇಕಿಗೆ ಸರಿಯಾಗಿ ಎಟುಕಲಿಲ್ಲ. ಸೀಟು ಸರಿಸಲೇ ಎಂದು ಪಕ್ಕದಲ್ಲಿ ಕುಳಿತ ಭಾಗಮ್ಮನನ್ನು ಕೇಳುವ ಧೈರ್ಯ ಬರದೆ ಅವನೂ ತುದಿಯಲ್ಲೇ ಕುಳಿತ. ಬೆನ್ನ ಹಿಂದೆ ಒಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು.

ದಂಡೋತಿ ಸೇತುವೆ ಕಂಡಾಗ ರಸ್ತೆ ಬರಿದಾಗಿತ್ತು. ವೇಗ ಮೂವತ್ತು. ಅವನು ಬ್ರೇಕ್ ತುಳಿದ. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತೆ ವ್ಯಾನು ಎಡಕ್ಕೆ ಹೊರಳಿ, ಜಲ್ಲಿಯ ಮೇಲೆ ಜಾರಿ, ಕಟ್ಟೆಗೆ ಒಂದಡಿ ಉಳಿದಾಗ ನಿಂತಿತು. ಕಟ್ಟೆಗೆ ಹಚ್ಚಿದ್ದ ಹೊಸ ಸಿಮೆಂಟಿಗೆ ಇನ್ನೂ ಬಣ್ಣ ಬಳಿದಿರಲಿಲ್ಲ.

"ಆವತ್ತ ಟೆಸ್ಟಿನ್ಯಾಗೂ ಹಿಂಗೇ ಎಳದಿತ್ತೇನ್ರಿ?" ಭಾಗಮ್ಮ ಕೇಳಿದಳು.

"ಆವತ್ತ ನಾ ಗಾಡಿ ಹತ್ತೇ ಇಲ್ಲಮ್ಮಾ. ಕುರ್ಚಿ ಮ್ಯಾಲೆ ಕುಂತು ಬರದೀನಿ."

ಅವಳು ಸಿಮೆಂಟಿನ ತೇಪೆಯನ್ನೇ ನೋಡುತ್ತಿದ್ದಳು. ಎಂಜಿನ್ ಓಡುತ್ತಲೇ ಇತ್ತು.

"ಅವ್ರಿಗಿ ನಿದ್ದಿ ಹತ್ತಿದ್ದಿಲ್ಲ," ಅಂದಳು.

"ನಿಮ್ಮತ್ತಿ ಮುಂದ ನಾನೇ ಬಂದು ಹೇಳ್ತೀನಿ."

"ಬಾಯಿಮಾತ ಬ್ಯಾಡ್ರಿ. ಬರದ ಕೊಡ್ರಿ. ನೀವು ಬರದದ್ದಕ್ಕೇ ಎಲ್ಲಾರೂ ನಂಬ್ಯಾರ."

ವಾಪಸು ಬಂದ ಮೇಲೆ ಅತೀಕ ಮುಂದಿನ ಎರಡೂ ಚಕ್ರ ಬಿಚ್ಚಿದ. "ಬಲಗಡಿ ಬ್ರೇಕ್ ಪೂರಾ ಜಾಮ್ ಸಾಬ್, ತುಳದ್ರೂ ಹಿಡಿಯಂಗಿಲ್ಲ. ಪ್ಯಾಡ್ ಹೊಸದಿದ್ದಂಗ ಅದ. ಎಡಗಡಿದು ನೋಡ್ರಿ, ಸವದು ತಗಡಾಗ್ಯಾದ. ಇದು ಭಾಳ ದಿನದ್ದು." ಮೀಟರಿನಲ್ಲಿ ಎಷ್ಟಿದೆ ಎಂದು ಮಹೇಶಕುಮಾರ ನೋಡಿಕೊಂಡಿದ್ದ. ಸೂಗಪ್ಪ ಇಲ್ಲಿಂದ ಹೋದ ಮೇಲೆ ವ್ಯಾನು ಇನ್ನೂರು ಕಿ.ಮೀ. ಕೂಡ ಓಡಿರಲಿಲ್ಲ. ಈ ಸಲ ಯಾರೂ ನಗಲಿಲ್ಲ.

ಹಳೆಯ ಕಾರ್ಡಿನ ನಕಲಿನ ಮೇಲೆ ಮಹೇಶಕುಮಾರ, "ಅಂದು ನಾನು ರೋಡ್ ಟೆಸ್ಟ್ ಮಾಡಿರಲಿಲ್ಲ. ಬ್ರೇಕಿನಲ್ಲಿ ದೋಷವಿತ್ತು" ಎಂದು ಬರೆದು ಸಹಿ ಹಾಕಿದ. ಭಾಗಮ್ಮ ಅದನ್ನು ತಮ್ಮನಿಂದ ಎರಡು ಸಲ ಓದಿಸಿದಳು, ಮಡಚಿ ಚೀಲದಲ್ಲಿಟ್ಟುಕೊಂಡಳು.

ನಾಲ್ಕು ಗಂಟೆಗೆ ಗಾಡಿ ತಯಾರಾಯಿತು. ಬಸವಲಿಂಗ ಹತ್ತಿ ಕುಳಿತು, ಸೀಟಿನ ಕೆಳಗೆ ಕೈ ಹಾಕಿ ಅಕ್ಕನ ಮುಖ ನೋಡಿದ.

"ಸರಿಸ್ಕೋ," ಅಂದಳು ಭಾಗಮ್ಮ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ವ್ಯಾನು ನೀರಿನ ಕ್ಯಾನ್ ಹೊತ್ತು ದಂಡೋತಿ ಸೇತುವೆ ದಾಟಿತು. ಹತ್ತೂವರೆಗೆ ಪೊಲೀಸ್ ಠಾಣೆಯಿಂದ ಶೋರೂಮಿಗೆ ಫೋನ್ ಬಂತು: ಭಾಗಮ್ಮ ತಂದುಕೊಟ್ಟ ಕಾರ್ಡಿನ ಮೇಲೆ ಸಹಿ ಹಾಕಿದವರು ಯಾರು ಎಂದು ಕೇಳಿದರು.